ಶನಿವಾರದ ಕಂತು

ಅತ್ತಿಗೆಗೆ ಡಯಾಲಿಸಿಸ್ ಶುರುವಾದಾಗ ಅವಳ ಜೊತೆ ಆಸ್ಪತ್ರೆಯಲ್ಲಿ ಕೂರುವ ಕೆಲಸ ನನ್ನ ಪಾಲಿಗೆ ಬಂತು. ನಾವಿಬ್ಬರೂ ಅಷ್ಟೇನೂ ಹತ್ತಿರದವರಾಗಿರಲಿಲ್ಲ. ಆದರೆ ಶಿರಸಿ ಪೇಟೆಯಲ್ಲಿ, ಆಸ್ಪತ್ರೆಯಿಂದ ಒಂದು ತಿರುವಿನಾಚೆ ಇದ್ದವಳು ಮನೆತನದಲ್ಲಿ ನಾನೊಬ್ಬಳೇ. ಅಣ್ಣ-ಅತ್ತಿಗೆಯ ಮನೆ, ಎಂದರೆ ನನ್ನ ತವರು, ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆಗಿದೆ. ಬೆಳಗಿನ ಬಸ್ಸಿಗೆ ಅಣ್ಣ ಅವಳನ್ನು ಕರೆತರುತ್ತಿದ್ದ. ಮೊದಲ ಕೆಲವು ಸಲ ಪಕ್ಕದಲ್ಲಿ ಅವನೇ ಕೂತ. ಆದರೆ ನಳಿಕೆಗಳಲ್ಲಿ ಹೆಂಡತಿಯ ರಕ್ತ ಮಷಿನ್ನಿಗೆ ಹೋಗಿ ತಿರುಗಿ ಬರುವುದನ್ನು ನೋಡಿದರೆ ಅವನಿಗೆ ತಲೆ ಸುತ್ತುತ್ತಿತ್ತು. ಒಂದು ದಿನ ಸ್ಟೂಲಿನಿಂದಲೇ ಜಾರಿ ಬಿದ್ದ. ಸಿಸ್ಟರ್ ಅತ್ತಿಗೆಯನ್ನು ಬಿಟ್ಟು ಅವನ ಮುಖಕ್ಕೆ ನೀರು ಹಾಕಬೇಕಾಯಿತು. ಅಂದಿನಿಂದ ಮಂಗಳವಾರ ಮತ್ತು ಶನಿವಾರ ನಾನು ಹೋಗತೊಡಗಿದೆ.

ನನ್ನದು ಸೀರೆಗೆ ಫಾಲ್ ಹಚ್ಚುವ, ಅಂಚಿಗೆ ಪಿಕೋ ಮಾಡಿಕೊಡುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪಿಕೋಗೆ ಮಷಿನ್ ಬೇಕು, ಫಾಲ್ ಹಚ್ಚಲು ಸೂಜಿ ದಾರ ಇದ್ದರೆ ಸಾಕು. ಹಾಗಾಗಿ ಎರಡು ಸೀರೆ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ, ಅತ್ತಿಗೆಯ ಕಾಲ ಬುಡದಲ್ಲಿ ಕೂತು ಹೊಲಿಯುತ್ತಿದ್ದೆ. ಅವಳು ಎಡಗೈ ಅಲುಗಿಸುವಂತಿರಲಿಲ್ಲ. ನಾಲ್ಕು ತಾಸು ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿರುವುದು. ನಾನು "ಚಳಿ ಆಗ್ತಾ?" ಎನ್ನುವುದು, ಅವಳು "ಇಲ್ಲೆ" ಎನ್ನುವುದು. ಬೇರೆ ಮಾತಿಲ್ಲ.

ಅವಳು ಆ ಮನೆಗೆ ಮದುವೆಯಾಗಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ವರ್ಷ ತುಂಬುವುದರೊಳಗೆ ನನ್ನ ಮದುವೆಯಾಯಿತು. ಆಮೇಲೆ ಹಬ್ಬಕ್ಕೆ ಹೋದಾಗ ಬಡಿಸುತ್ತಿದ್ದವಳು ಅವಳು, ಉಣ್ಣುತ್ತಿದ್ದವಳು ನಾನು. "ಯಾವಾಗ ಬಂದೆ, ಯಾವಾಗ ಹೋಗ್ತೆ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಒಂದು ಶನಿವಾರ ಹೊಲಿಗೆ ಬೇಗ ಮುಗಿದು, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹೊಸ ವೆಬ್ ಸೀರೀಸ್ ಒಂದನ್ನು ಹಾಕಿಕೊಂಡೆ. ಹಿಂದಿನ ದಿನವಷ್ಟೇ ಬಂದದ್ದು, ಎಲ್ಲಿಯದೋ ಭಾಷೆಯಿಂದ ಕನ್ನಡಕ್ಕೆ ಡಬ್ ಮಾಡಿದ್ದರು. ನನ್ನ ಮುಖದಲ್ಲಿ ಏನು ಕಂಡಳೋ, ಅತ್ತಿಗೆ ಕುತ್ತಿಗೆ ಹೊರಳಿಸಿ ಕೇಳಿದಳು.

"ಎಂತದೇ ಅದು? ಬಾಯಿ ಬಿಟ್ಕಂಡು ನೋಡ್ತಾ ಇದ್ದೆ?"

"ಒಂದು ಕಥೆ ಅತ್ತಿಗೆ. ಹೊಳೆ ದಾಟಿಸೋ ದೋಣಿ ಇಟ್ಕಂಡ ಮನೆ. ಸಣ್ಣಿದ್ದಾಗ ಕಳೆದುಹೋದ ಮಗ ದೊಡ್ಡಾಗಿ ವಾಪಸ್ ಬಂಜ. ಅಂವ ನಿಜವಾದ ಮಗನೋ, ಸುಳ್ಳೋ ಗೊತ್ತಿಲ್ಲೆ."

"ಯಂಗೂ ತೋರ್ಸು."

ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಸಿಕ್ಕಿಸಿ ಮೊದಲಿನಿಂದ ಹಾಕಿದೆ. ಅದರ ವಯರು ಗಿಡ್ಡ. ಅವಳ ದಿಂಬಿಗೆ ತಲೆ ತಾಗಿಸಿ ಕೂರಬೇಕಾಯಿತು. ಕಥೆಯಲ್ಲಿ ಮಗ ಎಂದು ಬಂದವನು ಅಂಗಳದಲ್ಲಿ ನಿಂತು ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ತಾಯಿ ಇನ್ನೊಂದು ತಂಬಿಗೆ ತಂದಳು. ಅದನ್ನೂ ಕುಡಿದ. ಅತ್ತಿಗೆಗೆ ಆಗ ದಿನಕ್ಕೆ ಅಳೆದು ಇಷ್ಟೇ ನೀರು ಎಂದು ಕಟ್ಟುಮಾಡಿದ್ದರು. ಅವಳ ಕಣ್ಣು ಮಗನ ಮುಖದ ಮೇಲಿರಲಿಲ್ಲ, ತಂಬಿಗೆಯ ಮೇಲಿತ್ತು.

"ಎಷ್ಟು ನೀರು ಕುಡಿತ ನೋಡು," ಎಂದಳು ಮೆಲ್ಲಗೆ.

ಕಂತು ಮುಗಿಯಿತು. ಮನೆಯ ನಾಯಿ ಬಂದವನನ್ನು ನೋಡಿ ಬೊಗಳದೆ ಹಿಂದೆ ಸರಿಯಿತು, ಅಲ್ಲಿಗೆ ನಿಲ್ಲಿಸಿದ್ದರು.

"ಮುಂದಿಂದು ಹಾಕು."

"ಮುಂದಿಂದು ಬಂಜಿಲ್ಲೆ ಅತ್ತಿಗೆ. ವಾರಕ್ಕೆ ಒಂದೇ ಬಿಡದು. ಶುಕ್ರವಾರ ಬತ್ತು."

"ಇದೆಂತ ಕಥೆ ಮಾರಾಯ್ತಿ! ಅರ್ಧಕ್ಕೆ ನಿಲ್ಸಿ ಒಂದು ವಾರ ಕಾಯವಾ?" ಎಂದು ಅವಳು ನಿಜವಾಗಿಯೇ ಸಿಟ್ಟಾದಳು. ಕಾಯಿಲೆ ಬಂದ ಮೇಲೆ ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲದಕ್ಕೂ "ಅಡ್ಡಿಲ್ಲೆ, ಅಡ್ಡಿಲ್ಲೆ" ಎನ್ನುತ್ತ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ಹೆಂಗಸು ಆಕೆ. ಆ ಸಿಟ್ಟು ಕಂಡು ನನಗೆ ಏನೋ ಸಮಾಧಾನವಾಯಿತು.

ಸೋಮವಾರ ಸಂಜೆ ಅವಳ ಫೋನು ಬಂತು. ಆಗ ಅವರ ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಮನೆಯ ಹಿಂದಿನ ದಿಬ್ಬ ಹತ್ತಿ ಬಸ್ಸು ನಿಲ್ಲುವ ಜಾಗಕ್ಕೆ ಬಂದರೆ ಮಾತ್ರ ಫೋನು ಹತ್ತುತ್ತಿತ್ತು. ಅಷ್ಟು ದೂರ ಏರಿ ಬಂದು ಏದುಸಿರು ಬಿಡುತ್ತಿದ್ದಳು. ಏನಾಯಿತೋ ಎಂದು ಹೊಲಿಗೆ ಬಿಟ್ಟು ಎದ್ದು ನಿಂತೆ.

"ಅಂವ ಸುಳ್ಳೇ," ಎಂದಳು.

"ಯಾರು?"

"ಅದೇ, ಮಗ ಹೇಳಿ ಬಂಜಲಾ. ನಾಯಿ ಹಿಂದೆ ಸರಿದಿದ್ದು ಎಂತಕ್ಕೆ ಹೇಳು?"

ಹೀಗೆ ಶುರುವಾಯಿತು. ಮಂಗಳವಾರ ಹೊಸ ಕಂತು ಇರುತ್ತಿರಲಿಲ್ಲ, ಬರೀ ಊಹೆ. ಶನಿವಾರ ಕಂತು. ನಾನು ಶುಕ್ರವಾರ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತಿದ್ದೆ, ಆದರೆ ನೋಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಅವಳನ್ನು ಆಟೋದಲ್ಲಿ ಕರೆತಂದ ಅಣ್ಣ ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ.

"ಮಂಗಳವಾರ ನಿನ್ನತ್ತಿಗೆನ ಏಳ್ಸಲೆ ಆನು ಹೆಣಗಾಡವು. ಶನಿವಾರ ಅದೇ ಎದ್ದು, ಸೀರೆ ಉಟ್ಕಂಡು, ಯಂಗೆ 'ತಡಾ ಆತು, ಏಳಿ' ಹೇಳ್ತು. ಎಂತ ಮಾಡಿದ್ಯೇ ನೀನು?"

ಎಂತ ಮಾಡಿದೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಪಕ್ಕದ ಮಂಚದಲ್ಲಿ ಯಲ್ಲಾಪುರದ ಹಿರಿಯರೊಬ್ಬರು ಇರುತ್ತಿದ್ದರು. ಬಸ್ ಡ್ರೈವರಾಗಿ ನಿವೃತ್ತರಾದವರು. ಘಟ್ಟದ ರಸ್ತೆಯಲ್ಲಿ ವರ್ಷಗಟ್ಟಲೆ ಸ್ಟಿಯರಿಂಗ್ ತಿರುಗಿಸಿದ ಕೈಗಳು ಹಾಸಿಗೆಯ ಮೇಲೂ ಸುಮ್ಮನಿರುತ್ತಿರಲಿಲ್ಲ. ನಾವಿಬ್ಬರೂ ಮಂಚಗಳ ನಡುವಿನ ಪರದೆಯ ಈಚೆ ಪಿಸುಪಿಸು ನಗುವುದು, ಛೆ ಎನ್ನುವುದು ಅವರಿಗೆ ಕೇಳುತ್ತಿತ್ತು. ಒಂದು ಶನಿವಾರ ಪರದೆಯಾಚೆಯಿಂದ ಮಾತು ಬಂತು.

"ತಂಗಿ, ಆ ವಯರ್ ತೆಗೆದು ಸ್ವಲ್ಪ ದೊಡ್ಡಕೆ ಇಡ್ರಲ್ಲ. ನಂಗೂ ಕೇಳ್ಲಿ. ಇಲ್ಲಿ ಮಷಿನ್ ಸದ್ದು ಕೇಳಿ ಕೇಳಿ ಸಾಕಾಗ್ಯದೆ."

ಪರದೆ ಸರಿಸಿ, ಅತ್ತಿಗೆಯ ತಿಂಡಿ ಡಬ್ಬಿಗೆ ಮೊಬೈಲ್ ಆನಿಸಿ, ಇಬ್ಬರಿಗೂ ಕಾಣುವ ಹಾಗೆ ನಡುವಿನ ಟೇಬಲ್ಲಿನ ಮೇಲೆ ಇಟ್ಟೆ. ಅವರಿಗೆ ಹಿಂದಿನ ಕಥೆಯನ್ನೆಲ್ಲ ಅತ್ತಿಗೆಯೇ ಹೇಳಿದಳು. ನಾಯಿ ಹಿಂದೆ ಸರಿದ ಸಂಗತಿಯನ್ನು ಒತ್ತಿ ಒತ್ತಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, "ನಾಯಿ ಮಾತು ಬಿಡ್ರಿ. ತಾಯಿ ಒಪ್ಪಿಕೊಂಡಾಳಲ್ಲ? ಹೆತ್ತವಳು ಒಪ್ಪಿದ ಮೇಲೆ ಅವ ಮಗನೇ," ಎಂದರು.

"ಅದು ಹ್ಯಾಂಗೆ ಅಣ್ಣಾ? ಸುಳ್ಳು ಸುಳ್ಳೇ ಅಲ್ದಾ?"

"ನೋಡ್ವಾ ಮುಂದಿನ ವಾರ."

ಹಾವೇರಿ ಕಡೆಯ ಸಿಸ್ಟರ್ ಮೊದಲ ದಿನ "ಅಕ್ಕಾರ, ಸೌಂಡ್ ಸಣ್ಣ ಮಾಡ್ರಿ, ಡಾಕ್ಟರ್ ಬಂದ್ರ ನನಗ ಬೈತಾರ" ಎಂದವಳು, ಮೂರನೆಯ ವಾರಕ್ಕೆ ಬಿ.ಪಿ. ನೋಡುವ ನೆವದಲ್ಲಿ ಅಲ್ಲೇ ನಿಲ್ಲತೊಡಗಿದಳು. ಅತ್ತಿಗೆಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವುದನ್ನು ಮರೆತು, "ಇಂವಾ ಕಳ್ಳ ಅದಾನ ನೋಡ್ರಿ, ಕಣ್ಣಾಗ ಗೊತ್ತಾಗತೈತಿ" ಎಂದು ಅತ್ತಿಗೆಯ ಪಕ್ಷ ಸೇರಿದಳು. ಡ್ರೈವರಣ್ಣ ಒಂಟಿಯಾದರು. ಆದರೂ ಜಗ್ಗಲಿಲ್ಲ.

ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಕಂತು ನೋಡುತ್ತಿದ್ದ ಹೊತ್ತಲ್ಲ. ಮುಗಿದ ಮೇಲಿನ ಹೊತ್ತು. ಮೊಬೈಲ್ ಪರದೆ ಕಪ್ಪಾದ ಮೇಲೆ ಇನ್ನೂ ಬಹಳ ಸಮಯ ಉಳಿದಿರುತ್ತಿತ್ತು. ನೋಡಲು ಬೇರೇನೂ ಇಲ್ಲದ್ದರಿಂದ ಮಾತಾಡುತ್ತಿದ್ದೆವು. ಇಷ್ಟು ವರ್ಷ ಆ ಹುಡುಗ ಎಲ್ಲಿದ್ದ, ಏನು ತಿಂದ, ಆ ಮನೆಯ ಮಗಳು, ಅವನ ತಂಗಿ, ಎಂತಕ್ಕೆ ಅವನ ಜೊತೆ ಮಾತಾಡುವುದಿಲ್ಲ ಎಂದು. ಡ್ರೈವರಣ್ಣ ತಮ್ಮ ಬಸ್ಸಿನಲ್ಲಿ ಮಲಗಿ ಉಳಿದುಹೋದ ಮಗುವೊಂದನ್ನು ಡಿಪೋದಿಂದ ತಿರುಗಿ ಊರಿಗೆ ಒಯ್ದು ತಾಯಿಗೆ ಒಪ್ಪಿಸಿದ ಕಥೆ ಹೇಳಿದರು. ಅತ್ತಿಗೆ ತಾನು ಸಣ್ಣವಳಿದ್ದಾಗ ಹುಲಗೋಳದ ಅಜ್ಜನ ಮನೆಯ ಹುಲ್ಲುಮನೆಯಲ್ಲಿ ಅಡಗಿ ಕೂತು ಎಲ್ಲರನ್ನೂ ಅಳಿಸಿದ್ದನ್ನು ಹೇಳಿದಳು. ಆ ಮೊದಲು ಅವಳಿಗೆ ಹುಲಗೋಳದಲ್ಲಿ ಅಜ್ಜನ ಮನೆ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಕಥೆ ಅರ್ಧ ದಾಟಿದಾಗ ಡ್ರೈವರಣ್ಣನ ಮುಖ ಬಾತುಕೊಳ್ಳತೊಡಗಿತು. ಬರುವಾಗ ಅವರ ಮಗ ಭುಜ ಹಿಡಿದು ನಡೆಸಿಕೊಂಡು ಬರಬೇಕಾಗುತ್ತಿತ್ತು. ಒಂದು ಶನಿವಾರ, ಮನೆಯ ಹಳೆಯ ಪೆಟ್ಟಿಗೆಯೊಳಗೆ ಒಂದು ಸಣ್ಣ ಅಂಗಿ ಸಿಕ್ಕುವಲ್ಲಿಗೆ ಕಂತು ನಿಂತಿತು. ಅವರು ನನ್ನನ್ನು ಕರೆದರು.

"ತಂಗಿ, ಇದು ಪೂರಾ ತೆಗೆದು ಮುಗ್ದಿರ್ತದಲ್ಲ? ಅವರ ಹತ್ರ ಇರ್ತದಲ್ಲ?"

"ಹೌದು, ಇರ್ತದೆ ಅಣ್ಣ. ವಾರಕ್ಕೆ ಒಂದೊಂದೇ ಬಿಡ್ತಾರೆ."

"ಕೇಳಿದ್ರೆ ಕೊಡೂದಿಲ್ವ?"

ಯಾರನ್ನು ಕೇಳುವುದು? ನಾನು ನಕ್ಕು, "ಇಲ್ಲ ಅಣ್ಣ" ಎಂದೆ. ಅವರೂ ನಕ್ಕರು.

"ಎಲ್ಲಾ ಒಮ್ಮೆಗೇ ಬಿಟ್ಟಿದ್ರೆ ಇವತ್ತೇ ನೋಡಿ ಮುಗಿಸ್ತಿದ್ದೆ. ನಮ್ಮಂಥವರಿಗೆ ಅದೇ ಚೊಲೊ."

ಅತ್ತಿಗೆ ಫ್ಯಾನಿನ ಕಡೆ ಮುಖ ತಿರುಗಿಸಿದಳು.

ಕೊನೆಯ ಎರಡು ಕಂತು ಉಳಿದಿದ್ದಾಗ, ಒಂದು ಶನಿವಾರ ಆ ಮಂಚದಲ್ಲಿ ಕಾಲೇಜು ಹುಡುಗಿಯೊಬ್ಬಳು ಮಲಗಿದ್ದಳು. ಡ್ರೈವರಣ್ಣನ ಸರದಿ ಬದಲಾಗಿರಬಹುದು ಎಂದುಕೊಂಡೆ. ಸಿಸ್ಟರ್ ಅತ್ತಿಗೆಯ ಕೈಗೆ ಸೂಜಿ ಹಾಕಿ ಪ್ಲಾಸ್ಟರ್ ಅಂಟಿಸಿದ ಮೇಲೆ, ನನ್ನನ್ನು ಹೊರಗೆ ಕರೆದು ಹೇಳಿದಳು. "ಅಜ್ಜಾರು ಗುರುವಾರ ತೀರಿಹೋದ್ರು ಅಕ್ಕಾರ. ನಿಮ್ಮ ಅತ್ತಿಗಿಗೆ ಈಗಲೇ ಹೇಳಬ್ಯಾಡ್ರಿ." ನಾನು ಒಳಗೆ ಬಂದಾಗ ಅತ್ತಿಗೆ ನನ್ನ ಮುಖ ನೋಡಿದಳು. ಹೇಳುವ ಅಗತ್ಯವೇ ಬೀಳಲಿಲ್ಲ. ಅಂದು ಮೊಬೈಲನ್ನು ಚೀಲದಿಂದ ತೆಗೆಯಲಿಲ್ಲ. ನಾನು ಹೊಲಿದೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ.

ಮುಂದಿನ ಶನಿವಾರ ಎರಡನ್ನೂ ಒಟ್ಟಿಗೆ ನೋಡಿದೆವು. ಕಥೆ ಮುಗಿಯಲಿಲ್ಲ. ಕೊನೆಯ ಕ್ಷಣದಲ್ಲಿ ದೋಣಿಯಿಂದ ಇನ್ನೊಬ್ಬ ಯುವಕ ಇಳಿದು, ಆ ಮನೆಯ ದಾರಿ ಕೇಳಿದ. ಉಳಿದದ್ದು ಎರಡನೇ ಸೀಸನ್ನಿನಲ್ಲಿ, ಯಾವಾಗ ಎಂದು ಹೇಳಿರಲಿಲ್ಲ.

"ಡ್ರೈವರಣ್ಣ ಇದ್ದಿದ್ರೆ ಇವತ್ತು ಇವ್ಕೆ ಬೈದು ಮುಗಿಸ್ತಿದ್ದ," ಎಂದಳು ಅತ್ತಿಗೆ. ನಕ್ಕಳು. ಆಮೇಲೆ ಅತ್ತಳು. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಬಂದ ತಿಂಗಳುಗಳಲ್ಲಿ ನೋಡಲು ಏನೂ ಇರಲಿಲ್ಲ. ಬೇರೆ ಯಾವುದಾದರೂ ಹಾಕಲೇ ಎಂದರೆ ಅತ್ತಿಗೆ ಬೇಡವೆಂದಳು. ಆದರೆ ಮಾತು ನಿಲ್ಲಲಿಲ್ಲ, ಅದಕ್ಕೆ ಕಥೆಯೇ ಬೇಕೆಂದೂ ಇರಲಿಲ್ಲ. ಒಂದು ಶನಿವಾರ ಕೇಳಿದಳು, "ನಿಂಗೆ ನೆನಪಿದ್ದಾ? ಆನು ಮದುವೆ ಆಗಿ ಬಂದಾಗ ಯಂಗಕ್ಕೆ ಕೊಟ್ಟಿದ್ದು ನೀನು ಓದೋ ಕೋಣೆ."

"ನೆನಪಿದ್ದು."

"ನಿನ್ನ ಪುಸ್ತಕ ಎಲ್ಲಾ ಜಗಲಿಗೆ ಹೋತು. ನೀನು ಯನ್ ಹತ್ರ ಮಾತೇ ಆಡ್ತಿದ್ದಿಲ್ಲೆ. ಕೂಸಿಗೆ ಸಿಟ್ಟು ಬಂಜು ಹೇಳಿ ಆನು ಎಷ್ಟೋ ದಿನ ಹೆದ್ರಿಕಂಡಿದ್ದೆ."

ನಾನು ಸೂಜಿ ನಿಲ್ಲಿಸಿದೆ. "ಸಿಟ್ಟಲ್ಲ ಅತ್ತಿಗೆ. ನೀನು ಅಷ್ಟು ಚಂದ ಇದ್ದಿದ್ದೆ. ಎಂತ ಮಾತಾಡವು ಹೇಳಿ ಗೊತ್ತಾಗ್ತಿತ್ತಿಲ್ಲೆ."

ಅವಳು ನಂಬದವಳ ಹಾಗೆ ನನ್ನನ್ನೇ ನೋಡಿದಳು. ಇಷ್ಟೂ ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಕಳೆದಿದ್ದೆವು. ಅಡಿಗೆಮನೆಯಲ್ಲಿ ಸಿಗದ ಹೊತ್ತು ನಮಗೆ ಆ ವಾರ್ಡಿನಲ್ಲಿ ಸಿಕ್ಕಿತ್ತು.

ಆ ನಡುವೆ ಅಣ್ಣ ತನ್ನ ಕಿಡ್ನಿ ಕೊಡುತ್ತೇನೆಂದು ನಿಶ್ಚಯಿಸಿದ. ರಕ್ತದ ಗುಂಪು ಹೊಂದಿಕೆಯಾಗಿತ್ತು. ನಳಿಕೆಯ ರಕ್ತ ನೋಡಿ ಸ್ಟೂಲಿನಿಂದ ಬಿದ್ದವನು ಹುಬ್ಬಳ್ಳಿಯ ಆಸ್ಪತ್ರೆಗೆ ತಿರುಗಿ ತಿರುಗಿ, ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡ. ಅತ್ತಿಗೆ ಒಪ್ಪಲಿಲ್ಲ. "ಇಬ್ರಿಗೂ ಎಂತಾರೂ ಆದ್ರೆ ಮಗಳ ಗತಿ ಎಂತದು?" ಎಂದು ಜಗಳವಾಡಿದಳು. ಮಗಳು ಆಗ ಧಾರವಾಡದಲ್ಲಿ ಓದುತ್ತಿದ್ದಳು. ಕೊನೆಗೆ ಅವಳೇ ಬಂದು ತಾಯಿಯನ್ನು ಒಪ್ಪಿಸಿದಳು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಸರಿಯಾಗಿ ಅದೇ ದಿನಗಳಲ್ಲಿ ಎರಡನೇ ಸೀಸನ್ ಬಂತು. ಈ ಸಲ ವಾರಕ್ಕೊಂದಲ್ಲ, ಎಲ್ಲ ಕಂತುಗಳನ್ನೂ ಒಂದೇ ದಿನ ಬಿಟ್ಟಿದ್ದರು. ಶುಕ್ರವಾರ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಡೌನ್‌ಲೋಡ್ ಮಾಡಿ, ಮಾರನೇ ದಿನ ಕುಣಿಯುತ್ತ ಹೋದೆ.

"ಅತ್ತಿಗೆ, ಪೂರ್ತಿ ಬಂಜು! ಇವತ್ತು ನಾಕು ನೋಡನ, ಮಂಗಳವಾರ ಉಳಿದಿದ್ದು. ಹುಬ್ಬಳ್ಳಿಗೆ ಹೋಪದ್ರೊಳಗೆ ಮುಗಿಸಿಬಿಡನ."

ಅವಳು ಬಲಗೈಯಿಂದ ಮೊಬೈಲನ್ನು ಪಕ್ಕಕ್ಕೆ ಸರಿಸಿದಳು.

"ಬೇಡ. ವಾರಕ್ಕೆ ಒಂದೇ."

"ಎಂತಕ್ಕೆ? ಕೈಯಲ್ಲೇ ಇದ್ದಲೆ!"

"ಇರಲಿ. ವಾಪಸ್ ಬಂದ್ಮೇಲೆ ನೋಡ್ಲೆ ಎಂತಾರೂ ಉಳಿದಿರವು, ಕೂಸೇ. ನೀನೂ ನೋಡಡ."

ನಾನು ಮತ್ತೆ ಒತ್ತಾಯ ಮಾಡಲಿಲ್ಲ, ಒಬ್ಬಳೇ ನೋಡಲೂ ಇಲ್ಲ. ಹುಬ್ಬಳ್ಳಿಗೆ ಹೋಗುವುದರೊಳಗೆ ಎರಡು ಶನಿವಾರ ಸಿಕ್ಕವು. ಎರಡೇ ಕಂತು ನೋಡಿದೆವು. ಮನೆಯಲ್ಲಿ ನನ್ನ ಗಂಡ ಇದಾವುದರ ಗೊಡವೆಯೂ ಇಲ್ಲದೆ, ಒಂದು ಭಾನುವಾರ ಕೂತಲ್ಲೇ ಕೂತು ಕೊನೆಯವರೆಗೆ ನೋಡಿ ಮುಗಿಸಿದರು. ಆಮೇಲೆ ನನ್ನನ್ನು ಕಂಡಾಗಲೆಲ್ಲ ತುಟಿ ಒತ್ತಿ ಹಿಡಿದುಕೊಂಡು ತಿರುಗುತ್ತಿದ್ದರು. "ಒಂದೇ ಒಂದು ಮಾತು ಹೇಳ್ತೆ, ಅಷ್ಟೇಯ," ಎಂದು ಬಂದರೆ ನಾನು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದೆ. "ನೋಡಿ ಮುಗಿಸ್ದೆ, ಹೇಳಲೆ ಜನ ಇಲ್ಲೆ!" ಎಂದು ಅವರು ಬೇಸರಪಟ್ಟರು.

ಆಪರೇಷನ್ ದಿನ ನಾನು ಮತ್ತು ಅಣ್ಣನ ಮಗಳು ಹುಬ್ಬಳ್ಳಿ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು. ಒಂದು ಬಾಗಿಲಿನಿಂದ ಅಣ್ಣ ಒಳಗೆ ಹೋಗಿದ್ದ, ಇನ್ನೊಂದರಿಂದ ಅತ್ತಿಗೆ. ನನಗೆ ಆಗ ಮೊಬೈಲಿನಲ್ಲಿ ಉಳಿದಿದ್ದ ಕಂತುಗಳ ನೆನಪಾಯಿತು. ಇಂಥ ಹೊತ್ತಿನಲ್ಲಿ ಅದು ನೆನಪಾಗುತ್ತದಲ್ಲ ಎಂದು ಬೇಸರವಾದರೂ, ಅವು ಹಾಗೇ ಇವೆ ಎನ್ನುವುದೇ ಒಂದು ಧೈರ್ಯವಾಯಿತು.

ಇಬ್ಬರೂ ಚೆನ್ನಾಗಿಯೇ ಹೊರಗೆ ಬಂದರು. ಅಣ್ಣ ಬೇಗ ಚೇತರಿಸಿಕೊಂಡ. ಅತ್ತಿಗೆ ಕೆಲವು ದಿನಗಳ ಮೇಲೆ ವಾರ್ಡಿನಿಂದಲೇ ಫೋನ್ ಮಾಡಿದಳು. ಧ್ವನಿ ಸಣ್ಣಗಿತ್ತು, ಆದರೆ ಒಳಗೆ ನಗುವಿತ್ತು.

"ಕೇಳಿದ್ಯನೇ? ಯಂಗೆ ಈಗ ದಿನಕ್ಕೆ ಮೂರು ಲೀಟರು ನೀರು ಕುಡಿಯವಡ! ಕುಡಿದಷ್ಟೂ ಚೊಲೋದಡ! ಸಿಸ್ಟರ್ ಬಾಟ್ಲಿ ಹಿಡ್ಕಂಡು ಹಿಂದೆ ಹಿಂದೆ ಬತ್ತು."

ಫೋನಿನಲ್ಲಿ ಅವಳು ನೀರು ಕುಡಿಯುವ ಸದ್ದು ನನಗೆ ಕೇಳಿಸಿತು. ಬೇಕೆಂದೇ ಕೇಳಿಸಿದಳು. ನಾನು ಅಂಗಡಿಯಲ್ಲಿ ಗಿರಾಕಿಯ ಎದುರೇ ಅತ್ತುಬಿಟ್ಟೆ.

ಆಮೇಲೆ ಶನಿವಾರ ಎಂಬುದು ನನಗೆ ಬೇರೆ ದಿನದ ಹಾಗೆಯೇ ಆಯಿತು. ಅತ್ತಿಗೆ ಹುಬ್ಬಳ್ಳಿಯಲ್ಲಿ ಬಾಡಿಗೆ ಕೋಣೆಯಲ್ಲಿ ಕೆಲವು ತಿಂಗಳಿದ್ದು ಊರಿಗೆ ಮರಳಿದಳು. ಸೋಂಕು ತಗಲಬಾರದೆಂದು ಯಾರೂ ಹತ್ತಿರ ಹೋಗುವಂತಿರಲಿಲ್ಲ. ನಾನು ಒಮ್ಮೆ ಹೋಗಿ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ನಿಂತು ಕಿಟಕಿಯೊಳಗಿನ ಅವಳನ್ನು ನೋಡಿ ಬಂದೆ. ಕೆನ್ನೆ ತುಂಬಿಕೊಂಡಿತ್ತು. ಇನ್ನು ಸ್ವಲ್ಪ ದಿನ, ಆಮೇಲೆ ಮೂರನೇ ಕಂತಿನಿಂದ ಶುರುಮಾಡೋಣ, ಅಲ್ಲೇ ಅವಳ ಕೋಣೆಯಲ್ಲಿ ಕೂತು ಎಂದು ಲೆಕ್ಕ ಹಾಕಿಕೊಂಡೆ.

ಆ ಹೊತ್ತಿಗೆ ನಿಲ್ಕುಂದದ ಕಡೆಗೂ ಫೈಬರ್ ಕೇಬಲ್ ಬಂತು. ಮಗಳು ರಜೆಗೆ ಬಂದಾಗ ತಾಯಿಗೆ ಹೊತ್ತು ಹೋಗಲೆಂದು ಟಿ.ವಿ.ಗೆ ಎಲ್ಲವನ್ನೂ ಜೋಡಿಸಿಕೊಟ್ಟಳು. ವಾರವಾಗಿರಲಿಲ್ಲ, ಅತ್ತಿಗೆಯ ಫೋನು ಬಂತು. ಈಗ ದಿಬ್ಬ ಹತ್ತಬೇಕಿರಲಿಲ್ಲ, ಮಂಚದ ಮೇಲಿನಿಂದಲೇ.

"ಮುಗಿಸಿಬಿಟ್ಟೆ ಮಾರಾಯ್ತಿ! ಎರಡೇ ದಿನದಲ್ಲಿ. ಹೇಳಲಾ, ಎಂತಾತು ಹೇಳಿ?"

ನನ್ನ ಕೈಯಲ್ಲಿದ್ದ ಸೀರೆಯ ಅಂಚು ಜಾರಿತು. "ಹೇಳಡ, ಹೇಳಡ. ಆನು ನೋಡಿದ್ದಿಲ್ಲೆ."

"ಇನ್ನೂ ನೋಡಿದ್ದಿಲ್ಯಾ? ಎಂತಕ್ಕೆ?"

ನೀನೇ ಹೇಳಿದ್ದೆಯಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳಿಗೇ ನೆನಪಾಗಿರಬೇಕು. ಧ್ವನಿ ತಗ್ಗಿಸಿ ಹೇಳಿದಳು.

"ಬೇಜಾರು ಮಾಡಡ, ಕೂಸೇ. ಒಂದು ಮುಗೀತು, ಮುಂದಿಂದು ತನ್ನಷ್ಟಕ್ಕೆ ಬಂತು. ಯಂಗೆ ಈಗ ಕಾಯಲೆ ಮನಸಿಲ್ಲೆ. ಎಷ್ಟು ಕಾದಾತು! ಬಸ್ಸು ಕಾದಾತು, ಮಷಿನ್ ಕಾದಾತು, ಕಿಡ್ನಿ ಕಾದಾತು. ಈಗ ಬೇಕಾಗಿದ್ದು ಬೇಕಾದಾಗ ನೋಡವು ಹೇಳಿ ಕಾಣ್ತು."

"ಅಡ್ಡಿಲ್ಲೆ ಅತ್ತಿಗೆ," ಎಂದೆ.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಾಯುವುದು ಅವಳಿಗೆ ಕಾಯಿಲೆಯ ಒಂದು ಭಾಗವಾಗಿತ್ತು, ಕಾಯಿಲೆಯ ಜೊತೆಗೇ ಹೋಯಿತು. ನನಗೆ ಮಾತ್ರ ಹಾಗಾಗಲಿಲ್ಲ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಆ ವಾರ್ಡನ್ನು ಮತ್ತೆ ಬಯಸುವಷ್ಟು ಕ್ರೂರಿ ನಾನಲ್ಲ. ಅವಳ ಕೈಯ ಆ ಸೂಜಿಗಳನ್ನು, ಊದಿದ ಪಾದಗಳನ್ನು, ನೀರಿಗಾಗಿ ಒಣಗಿದ ತುಟಿಯನ್ನು ನೋಡಿದವಳು ಹೇಗೆ ಬಯಸಿಯಾಳು? ಆದರೂ ದಿಂಬಿಗೆ ತಲೆ ಆನಿಸಿ ಕೂತಿದ್ದ ಆ ಹೊತ್ತು ಬೇಕೆನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಗಂಡನಿಗೂ ಕೂಡ.

ಉಳಿದ ಕಂತುಗಳನ್ನು ನಾನು ಬಹಳ ದಿನ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಹಾಕಿದೆ. ಒಂದು ಮುಗಿಯುತ್ತಲೇ ಕೆಳಗೆ ಸಣ್ಣ ಗೆರೆಯೊಂದು ತುಂಬುತ್ತ ಹೋಗಿ ಮುಂದಿನದು ಶುರುವಾಗುತ್ತಿತ್ತು. ನಿಲ್ಲಿಸಿ ಯೋಚನೆ ಮಾಡಲು ಎಡೆಯೇ ಸಿಗಲಿಲ್ಲ. ಸಂಜೆಯೊಳಗೆ ಕೊನೆಯಾಯಿತು. ಬಂದವನು ಮಗನಾಗಿರಲಿಲ್ಲ. ತಾಯಿಗೆ ಅದು ಅವನು ಅಂಗಳಕ್ಕೆ ಕಾಲಿಟ್ಟ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಇಟ್ಟುಕೊಂಡಿದ್ದಳು, ಕೊನೆಗೆ ನಿಜವಾದ ಮಗ ಬಂದ ಮೇಲೂ ಮೊದಲು ಬಂದವನನ್ನು ಕಳಿಸಲಿಲ್ಲ. ಅತ್ತಿಗೆ ಹೇಳಿದ್ದೂ ಸರಿಯಾಗಿತ್ತು, ಡ್ರೈವರಣ್ಣ ಹೇಳಿದ್ದೂ ಸರಿಯಾಗಿತ್ತು. ನಾನು ತಕ್ಷಣ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಫಾಲ್ ಹಚ್ಚಬೇಕಾದ ಸೀರೆಗಳ ರಾಶಿ ಇತ್ತು.

ಅತ್ತಿಗೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಭೈರುಂಬೆಯಲ್ಲಿ ಯಾರದೋ ಉಪನಯನಕ್ಕೆ ಹೋಗಿದ್ದಳಂತೆ, ರಾತ್ರಿ ಊಟದ ಹೊತ್ತಿಗೆ ಅವಳೇ ತಿರುಗಿ ಮಾಡಿದಳು. ನಾನು ಉತ್ಸಾಹದಿಂದ ಶುರುಮಾಡಿದೆ. ತಾಯಿ ಆ ಸಣ್ಣ ಅಂಗಿಯನ್ನು ಒಲೆಗೆ ಹಾಕಿದಳಲ್ಲ, ಆಗ ನಿನಗೆ ಹೇಗಾಯಿತು ಎಂದು ಕೇಳಿದೆ.

"ಅಂಗಿಯನಾ? ಒಲೆಗೆ ಹಾಕ್ತಾ?" ಎಂದಳು. "ಯಂಗೆ ಅಷ್ಟು ನೆನಪಿಲ್ಲೆ ಈಗ. ಅದಾದ್ಮೇಲೆ ಮತ್ತೆರಡು ನೋಡಿದೆ. ಎಲ್ಲಾ ಕಲಸಿ ಹೋತು."

ಮೊದಲ ಸೀಸನ್ನಿನ ನಾಯಿ ನೆನಪಿದೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಉಪನಯನದ ಊಟ ಹೇಗಿತ್ತು ಎಂದು ಕೇಳಿದೆ. ಈಗ ಉಪ್ಪು ಖಾರ ಎಲ್ಲ ತಿನ್ನಬಹುದೆಂದು ಒಂದೊಂದನ್ನೇ ಬಣ್ಣಿಸಿ ಹೇಳಿದಳು. ಕೇಳಿ ನನಗೂ ಸಂತೋಷವಾಯಿತು.

ಹೋದ ತಿಂಗಳು ತವರಿನಲ್ಲಿ ಪೂಜೆಯಿತ್ತು. ಹೋದೆ. ಅತ್ತಿಗೆ ಸೆರಗು ಸಿಕ್ಕಿಸಿ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡಾಡಿ ಬಡಿಸುತ್ತಿದ್ದಳು. ಅಣ್ಣ ಜಗಲಿಯಲ್ಲಿ ಕೂತು ನೆಂಟರಿಗೆ ತನ್ನ ಹೊಟ್ಟೆಯ ಗಾಯದ ಗುರುತನ್ನು ಅಂಗಿ ಎತ್ತಿ ತೋರಿಸುತ್ತಿದ್ದ. ನಾನು ಅಡಿಗೆಮನೆಯಲ್ಲಿ ಅವಳ ಜೊತೆ ಒಂದು ಗಳಿಗೆ ಕೂರಬೇಕೆಂದು ಎರಡು ಸಲ ಹೋದೆ. ಎರಡು ಸಲವೂ ಯಾರೋ ಅವಳನ್ನು ಕರೆದರು. ಮೂರನೆಯ ಸಲ ಅವಳೇ, "ನೀನು ಪೇಟೆಯಿಂದ ಬಂದವಳು, ಸ್ವಲ್ಪ ಮಲಗು ಹೋಗು," ಎಂದು ನನ್ನನ್ನು ಕೋಣೆಗೆ ಕಳಿಸಿದಳು.

ಸಂಜೆಯ ಬಸ್ಸಿಗೆ ಹೊರಟಾಗ ಅತ್ತಿಗೆ ದಿಬ್ಬದವರೆಗೆ ಬಂದಳು. ಏರಿನಲ್ಲಿ ಅವಳು ಮುಂದೆ, ನಾನು ಹಿಂದೆ. ನನಗೆ ದಮ್ಮು ಹತ್ತಿತು, ಅವಳಿಗಲ್ಲ. ಮೇಲೆ ನಿಂತು ಅವಳು ನನ್ನ ಚೀಲವನ್ನು ತಾನೇ ಹಿಡಿದುಕೊಂಡು, ಪೂಜೆಗೆ ಬಂದವರ ಸುದ್ದಿ ಹೇಳುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬಸ್ಸು ಎಂದಿಗಿಂತ ಬೇಗ ಬಂತು.

"ಮುಂದಿನ ಸಲ ನಾಕು ದಿನ ಉಳಿಯಲೆ ಬಾ," ಎಂದು ಚೀಲ ಒಳಗೆ ಕೊಟ್ಟಳು.

"ಬತ್ತೆ," ಎಂದೆ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿಗೆ ಬರುವಾಗ ಹಿಂದಿರುಗಿ ನೋಡಿದೆ. ಅವಳು ಆಗಲೇ ದಿಬ್ಬ ಇಳಿಯುತ್ತಿದ್ದಳು, ಸರಸರನೆ. ಮನೆಯಲ್ಲಿ ಇನ್ನೂ ನೆಂಟರಿದ್ದರು.